ತೋಳು ತಟ್ಟಿ ಮೂರು ಮಾಡೆಲ್ ಬಿದ್ದವು, ಎತ್ತಿ ಇಟ್ಟ ಜಾಗ ಸರಿಯಾ ತಪ್ಪಾ? (ಕದ್ರಿ ಪಂಚಾತಿಕೆ)

ಕದ್ರಿ ಮಹಡಿ
ಒಂದು ಪಂಚಾತಿಕೆ ಉಂಟು, ನಿಮ್ಮ ತೀರ್ಮಾನ ಹೇಳಿ.

ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಭಾನುವಾರ ವಾರ್‌ಹ್ಯಾಮರ್ 40,000 (ಮೇಜಿನ ಮೇಲೆ ಪುಟ್ಟ ಸೈನಿಕರ ಮಾಡೆಲ್ ಇಟ್ಟು ಆಡುವ ಯುದ್ಧದ ಆಟ) ಆಡುವುದು ಇಲ್ಲಿ ಕೆಲವರಿಗೆ ಗೊತ್ತುಂಟು. ನಿನ್ನೆ ಆಡ್ತಾ ಇದ್ದದ್ದು ಒಬ್ಬರು ಮಾಸ್ಟ್ರು, ಕಾಲೇಜಿನಲ್ಲಿ ಪಾಠ ಮಾಡುವವರು, ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು. ಎದುರು ಸುರತ್ಕಲ್ ಕಡೆಯ ಒಬ್ಬ ಇಂಜಿನಿಯರಿಂಗ್ ಹುಡುಗ. ಮಾಸ್ಟ್ರದ್ದು ಓರ್ಕ್ ಸೈನ್ಯ, ಹುಡುಗನದ್ದು ಸ್ಪೇಸ್ ಮರೀನ್. ನಾನು ನಿನ್ನೆ ಆಡಲಿಲ್ಲ, ಚಾ ಮಾಡುವ ಡ್ಯೂಟಿ.

ಮೂರನೇ ರೌಂಡಿನಲ್ಲಿ ಒಂದು ಡೈಸ್ ಉರುಳಿ ಮೇಜಿನ ಆಚೆ ಬದಿಗೆ ಇಟ್ಟಿದ್ದ ಪಾಳು ಕಟ್ಟಡದ ಮಾದರಿಯ ಹಿಂದೆ ಹೋಯಿತು. ಹೆಕ್ಕಲು ಮಾಸ್ಟ್ರು ಕೈ ಚಾಚಿದರು. ತುಂಬು ತೋಳಿನ ಅಂಗಿ. ಹುಡುಗನ ಮೂರು ಮಾಡೆಲ್ ಅಡ್ಡಬಿದ್ದವು. ಮಾಸ್ಟ್ರು "ಸಾರಿ ಮಾರಾಯ" ಅಂದರು, ಹುಡುಗ "ಪರವಾಗಿಲ್ಲ ಸಾರ್" ಅಂತ ಎತ್ತಿ ನಿಲ್ಲಿಸಿದ. ಇಲ್ಲಿವರೆಗೆ ಎಲ್ಲ ಚಂದ.

ಆಮೇಲೆ ಮಾಸ್ಟ್ರ ಸರದಿ ಬಂತು. ಚಾರ್ಜ್ ಮಾಡಲು, ಅಂದರೆ ಶತ್ರುವಿನ ಮೇಲೆ ನುಗ್ಗಲು, ಅಳೆದರೆ 8.2 ಇಂಚು. "ಇಲ್ಲ, ಬೀಳುವ ಮೊದಲು ಇವು ಇನ್ನೂ ಮುಂದೆ ಇದ್ದವು, ಎಂಟರ ಒಳಗೆ" ಅಂದರು ಮಾಸ್ಟ್ರು. "ನಾನು ಇದ್ದಲ್ಲೇ ಇಟ್ಟದ್ದು ಸಾರ್" ಅಂದ ಹುಡುಗ. ಬೀಳುವ ಮೊದಲು ಯಾರೂ ಅಳೆದಿರಲಿಲ್ಲ. ಇಬ್ಬರೂ ನನ್ನ ಮುಖ ನೋಡಿದರು. ಡೈಸ್ ಹಾಕಿ ಅಂದೆ. ಮಾಸ್ಟ್ರು ಗೆದ್ದರು, 7.8ಕ್ಕೆ ಮಾಡೆಲ್ ಸರಿಸಿದ್ದಾಯಿತು, ಚಾರ್ಜಿಗೆ ಬಿದ್ದದ್ದು ಸರಿಯಾಗಿ ಏಳು. ಹುಡುಗನ ಆಟ ಅಲ್ಲಿಗೆ ಲಗಾಡಿ. ಕೊನೆಯವರೆಗೆ ಆಡಿದ, ಕೈ ಕುಲುಕಿದ, ಗೋಳಿಬಜೆ ಮುಟ್ಟದೆ ಇಳಿದು ಹೋದ. ರಾತ್ರಿ ನೋಡಿದರೆ ವಾಟ್ಸಾಪ್ ಗುಂಪು ಬಿಟ್ಟಿದ್ದಾನೆ.

ಡೈಸ್ ಹಾಕಿಸಿದ್ದು ಸರಿಯಾ? ಇನ್ನೊಮ್ಮೆ ಹೀಗಾದರೆ ಎಂತ ಮಾಡುವುದು?

ಅರೆಬರೆ ಪೇಂಟರ್
ತಟ್ಟಿ ಬೀಳಿಸಿದವರಿಗೆ ಜಾಗದ ವಿಷಯದಲ್ಲಿ ಬಾಯಿ ಇರಬಾರದು. ಮುಗೀತು.

ಬೋಳೂರು ಬ್ಯಾಟರಿ
ಅಷ್ಟು ಸುಲಭ ಉಂಟಾ? ನನ್ನ ಮಾಡೆಲ್ ನಾನೇ ಬೀಳಿಸಿದರೆ? ಆಗ ಎದುರಿನವ ಬಂದು ಅವನಿಗೆ ಬೇಕಾದಲ್ಲಿ ಇಡುವುದಾ?

ಅರೆಬರೆ ಪೇಂಟರ್
ಇಡಲಿ. ನಿನ್ನ ಕೈ, ನಿನ್ನ ಕರ್ಮ.

ತೆಂಕಪೇಟೆ ತಟಸ್ಥ
ನಾನು ಈ ಆಟ ಆಡುವವನಲ್ಲ, ಮಗ ಆಡ್ತಾನೆ. ಒಂದು ಬೆರಳಿನ ಅಗಲಕ್ಕೂ ಸಾಲದ ಜಾಗಕ್ಕೆ ಇಷ್ಟು ರಗಳೆ ಎಂತಕ್ಕೆ ಅಂತ ಯಾರಾದರೂ ಬಿಡಿಸಿ ಹೇಳ್ತೀರಾ?

ಮೂವತ್ತಾರರ ಲೆಕ್ಕ
ಹೇಳ್ತೇನೆ. ಚೆಸ್ಸಿನ ಹಾಗೆ ಇಲ್ಲಿ ಮನೆಗಳಿಲ್ಲ. ಬರೀ ಮೇಜು, ಅದರ ಮೇಲೆ ಟೇಪ್ ಹಿಡಿದು ಇಂಚಿನಲ್ಲಿ ಅಳೆಯುವುದು. ಚಾರ್ಜ್ ಅಂದರೆ ಎರಡು ಡೈಸ್ ಹಾಕಿ, ಬಿದ್ದ ಮೊತ್ತದಷ್ಟು ಇಂಚು ನುಗ್ಗುವುದು. ಶತ್ರುವಿನಿಂದ ಒಂದು ಇಂಚಿನ ಒಳಗೆ ತಲುಪಿದರೆ ಆಯಿತು, ಇಲ್ಲದಿದ್ದರೆ ನಿಂತಲ್ಲೇ ನಿಲ್ಲಬೇಕು, ಬಂದೂಕಿನ ಬಾಯಿಗೆ ಎದೆ ಕೊಟ್ಟು.

8.2 ಇಂಚು ದೂರ ಇದ್ದರೆ 7.2 ಇಂಚು ಓಡಬೇಕು, ಅಂದರೆ ಡೈಸಿನಲ್ಲಿ 8 ಬೇಕು. 7.8 ಇದ್ದರೆ 6.8 ಓಡಿದರೆ ಸಾಕು, 7 ಬಿದ್ದರೂ ನಡೀತದೆ. ಎರಡು ಡೈಸ್ 36 ಬಗೆಯಲ್ಲಿ ಬೀಳಬಹುದು. 8 ಅಥವಾ ಹೆಚ್ಚು ಬೀಳುವುದು 15 ಬಗೆಯಲ್ಲಿ, 7 ಅಥವಾ ಹೆಚ್ಚು ಬೀಳುವುದು 21 ಬಗೆಯಲ್ಲಿ. ಶೇಕಡಾ 42 ಇದ್ದದ್ದು 58 ಆಯಿತು. ಹತ್ತು ಮಿ.ಮೀ.ಗೆ!

ಎರಡು ಡೈಸಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಬೀಳುವ ಮೊತ್ತ 7. ಹಾಗಾಗಿ ಜಗಳ ಆಗುವುದಾದರೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ. 12 ಬೀಳಬೇಕಾ 11 ಬೀಳಬೇಕಾ ಅನ್ನುವ ದೂರದಲ್ಲಿ ಇದೇ ತಕರಾರು ಬಂದಿದ್ದರೆ 36ರಲ್ಲಿ ಒಂದಾ ಮೂರಾ ಅನ್ನುವ ಪ್ರಶ್ನೆ, ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ತೆಂಕಪೇಟೆ ತಟಸ್ಥ
ಈಗ ಗೊತ್ತಾಯಿತು. ಮಗ ಊಟಕ್ಕೆ ಕರೆದರೂ ಏಳದೆ ಟೇಪ್ ಹಿಡಿದು ಕೂರುವುದು ಎಂತಕ್ಕೆ ಅಂತ.

ಹಂಗಾರಕಟ್ಟೆ
ಹ್ವಾಯ್, ಚೌಕ ಇಪ್ಪ ಆಟ ಆಡಿ ಕಾಣಿ. ಈ ತಕರಾರೇ ಇಲ್ಲೆ.

ಬೋಳೂರು ಬ್ಯಾಟರಿ
ಬ್ಲಡ್ ಬೌಲ್ ತಾನೇ? 26 ಉದ್ದ, 15 ಅಗಲ, ಎಲ್ಲ ಚೌಕ. ಬಿದ್ದರೆ ಯಾವ ಚೌಕದಲ್ಲಿತ್ತು ಅಂತ ಮಗುವಿಗೂ ಗೊತ್ತಾಗ್ತದೆ. ಆದರೆ ಅದು ಫುಟ್‌ಬಾಲ್ ಮಾರ್ರೆ, ಇದು ಯುದ್ಧ.

ಹಂಗಾರಕಟ್ಟೆ
ಬ್ಯಾಟಲ್‌ಟೆಕ್ ಯುದ್ಧ ಅಲ್ದಾ? ಅದ್ರಲ್ಲೂ ಆರು ಮೂಲೆಯ ಮನೆ ಇತ್ತ್.

ಮಣಿಪಾಲದ ಮಿನಿ
ಚೌಕದ ವಿಷಯ ಬೇರೆ ಥ್ರೆಡ್ಡಿನಲ್ಲಿ ಮಾತಾಡುವ. ನನಗೆ ಒಪ್ಪಿಗೆ ಆಗದ್ದು ಆ ಡೈಸ್ ತೀರ್ಮಾನ.

ಹಳೆಯ ಆವೃತ್ತಿಗಳ ನಿಯಮ ಪುಸ್ತಕದಲ್ಲೇ ಅದಿತ್ತು, ಗೊತ್ತುಂಟು. ಮಾತು ಹೊಂದಿಕೆ ಆಗದಿದ್ದರೆ ಒಂದು ಡೈಸ್ ಹಾಕಿ, 1ರಿಂದ 3 ಬಿದ್ದರೆ ಒಬ್ಬರ ಮಾತು, 4ರಿಂದ 6 ಬಿದ್ದರೆ ಇನ್ನೊಬ್ಬರ ಮಾತು, ಆಟ ಮುಂದೆ ಹೋಗಲಿ ಅಂತ. ನಿಯಮದ ಅರ್ಥ ಇಬ್ಬರಿಗೂ ಗೊತ್ತಾಗದಿದ್ದಾಗ ಅದು ಸರಿಯೇ. ಜಾಗದ ವಿಷಯಕ್ಕೆ ಅದನ್ನು ತಂದರೆ ಎಂತ ಆಗ್ತದೆ ನೋಡಿ. ನಾನು ಬಾಯಿಗೆ ಬಂದ ದೂರ ಹೇಳ್ತೇನೆ. ನೀವು ಒಪ್ಪುವುದಿಲ್ಲ. ಡೈಸ್ ಹಾಕುವ ಅಂತ ಆಗ್ತದೆ. ಅಲ್ಲಿಗೆ ನನಗೆ ಅರ್ಧ ಪಾಲು ಸಿಕ್ಕಿ ಆಯಿತು, ಏನೂ ಇಲ್ಲದೆ! ಸುಮ್ಮನೆ ಕೂತವನಿಗೆ ಸೊನ್ನೆ, ತಕರಾರು ತೆಗೆದವನಿಗೆ ಐವತ್ತು. ನಾಲ್ಕು ವಾರದಲ್ಲಿ ಎಲ್ಲರೂ ತಕರಾರು ತೆಗೆಯಲು ಕಲಿತುಕೊಳ್ತಾರೆ.

ಆ ಮಾಸ್ಟ್ರು ಸುಳ್ಳು ಹೇಳಿದರು ಅಂತ ನಾನು ಹೇಳ್ತಾ ಇಲ್ಲ. ಅವರು ಸತ್ಯವಂತರೇ ಇರಬಹುದು. ಪದ್ಧತಿ ಸರಿ ಇಲ್ಲ ಅಂತ ಮಾತ್ರ.

ಕದ್ರಿ ಮಹಡಿ
ಮತ್ತೆಂತ ಮಾಡಬೇಕಿತ್ತು ಅಕ್ಕ? ಇಬ್ಬರೂ ನನ್ನ ಮುಖ ನೋಡ್ತಾ ಇದ್ದರು. ಕೆಳಗೆ ಎಣ್ಣೆ ಕಾಯ್ತಾ ಇತ್ತು.

ಮಣಿಪಾಲದ ಮಿನಿ
ಎಣ್ಣೆ ಕೆಳಗಿಳಿಸಿ ಬಂದು ಒಂದು ಪ್ರಶ್ನೆ ಕೇಳಬೇಕಿತ್ತು: "ಹುಡುಗ ಎತ್ತಿ ಇಡುವಾಗ ನೀವು ನೋಡ್ತಾ ಇದ್ದಿರಾ ಸಾರ್? ಆಗ ಯಾಕೆ ಹೇಳಲಿಲ್ಲ?"

ಬಲ್ಮಠ ಬಿಷಪ್
ಚೆಸ್ಸಿನಲ್ಲಿ ಇದೆಲ್ಲ ಎಂದೋ ಇತ್ಯರ್ಥ ಆಗಿದೆ.

ಬೋಳೂರು ಬ್ಯಾಟರಿ
ಹೌದು, ಮುಟ್ಟಿದರೆ ನಡೆಸಲೇಬೇಕು. ತೋಳು ತಟ್ಟಿದರೂ ನಡೆಸಬೇಕು. ನಮಗೆ ಅದು ಬೇಡ.

ಬಲ್ಮಠ ಬಿಷಪ್
ತಪ್ಪು. ಎಲ್ಲರೂ ಹೀಗೇ ತಿಳಿದುಕೊಂಡಿದ್ದಾರೆ. ಫಿಡೆ (ವಿಶ್ವ ಚೆಸ್ ಸಂಸ್ಥೆ) ನಿಯಮದಲ್ಲಿ ನಡೆಸುವ ಅಥವಾ ಹೊಡೆಯುವ ಉದ್ದೇಶದಿಂದ ಮುಟ್ಟಿದರೆ ಮಾತ್ರ ಆ ಕಾಯಿ ನಡೆಸಬೇಕು. ಸರಿಯಾಗಿ ಕೂರಿಸಬೇಕಿದ್ದರೆ ಮುಟ್ಟುವ ಮೊದಲೇ ಬಾಯಿಬಿಟ್ಟು ಹೇಳಬೇಕು. ಕೈ ತಾಗಿ ಕಾಯಿ ಚೆಲ್ಲಿದರೆ, ಚೆಲ್ಲಿದವನೇ ತನ್ನ ಗಡಿಯಾರ ಓಡುತ್ತಿರುವಾಗ ಮೊದಲಿನ ಸ್ಥಿತಿಗೆ ತರಬೇಕು. ಎದುರಿನವನ ಸಮಯ ತಿನ್ನುವ ಹಾಗಿಲ್ಲ.

ಈ ಜಗಳಕ್ಕೆ ಬೇಕಾದ ನಿಯಮ ಅದಲ್ಲ, 4.8. ಎದುರಿನವ ಮುಟ್ಟಿದ ಕಾಯಿ ನಡೆಸಲಿಲ್ಲ ಅಂತ ತಕರಾರು ಇದ್ದರೆ, ನೀವು ನಿಮ್ಮ ಕಾಯಿ ಮುಟ್ಟುವ ಮೊದಲು ಹೇಳಬೇಕು. ನಡೆಸುವ ಉದ್ದೇಶದಿಂದ ನಿಮ್ಮ ಕಾಯಿ ಮುಟ್ಟಿದಿರೋ, ತಕರಾರಿನ ಹಕ್ಕು ಹೋಯಿತು.

1994ರಲ್ಲಿ ಲಿನಾರೆಸ್‌ನಲ್ಲಿ ಕಾಸ್ಪರೋವ್ ಕುದುರೆಯನ್ನು ಒಂದು ಮನೆಯಲ್ಲಿಟ್ಟು, ಬೆರಳು ಬಿಟ್ಟು, ಪುನಃ ಹಿಡಿದು ಬೇರೆ ಮನೆಗೆ ಒಯ್ದ. ಎದುರು ಜೂಡಿತ್ ಪೋಲ್ಗಾರ್, ಆಗಿನ್ನೂ ಹದಿನೇಳು ವರ್ಷದ ಹುಡುಗಿ. ಬೆರಳು ಬಿಟ್ಟದ್ದು ಕಾಲು ಸೆಕೆಂಡು, ವಿಡಿಯೋದಲ್ಲಿ ಕಾಣ್ತದೆ. ಆ ಹೊತ್ತಿಗೆ ಅವಳು ತಕರಾರು ಎತ್ತಲಿಲ್ಲ. ಆಟ ಕಾಸ್ಪರೋವ್ ಗೆದ್ದ.

ಮಣಿಪಾಲದ ಮಿನಿ
ನೋಡಿ, ಇಲ್ಲಿಯೂ ಅದೇ. ಎದುರು ಕೂತದ್ದು ವಿಶ್ವ ಚಾಂಪಿಯನ್, ಇವಳು ಹದಿನೇಳರ ಹುಡುಗಿ. ಬಾಯಿ ಬರ್ತದಾ? ಕದ್ರಿಯಲ್ಲಿ ಆ ಹುಡುಗ "ಸಾರ್, ಸಾರ್" ಅನ್ನುತ್ತಾ ಇದ್ದ. ಜಾಗದ ಜಗಳದಲ್ಲಿ ಒಬ್ಬರಿಗೆ "ಸಾರ್", ಇನ್ನೊಬ್ಬರಿಗೆ "ಮಾರಾಯ" ಅಂತ ಆದಾಗಲೇ ತಕ್ಕಡಿ ಒಂದು ಬದಿಗೆ ವಾಲಿ ಆಯಿತು.

ಹಂಗಾರಕಟ್ಟೆ
ಹಿರಿಯರಿಗೆ ಸಾರ್ ಅನ್ನದೆ ಎಂತ ಅಂಬುದ್?

ಮಣಿಪಾಲದ ಮಿನಿ
ಅನ್ನಲಿ. ಮೇಜಿನ ಮೇಲೆ ಇಬ್ಬರಿಗೂ ಒಂದೇ ಟೇಪ್ ಇರಲಿ.

ಅರೆಬರೆ ಪೇಂಟರ್
ಟೇಪ್ ಅಂದದ್ದಕ್ಕೆ ಕೇಳ್ತೇನೆ. ಅಳೆದದ್ದು ಯಾರ ಟೇಪಿನಲ್ಲಿ? ಹಾರ್ಡ್‌ವೇರ್ ಅಂಗಡಿಯ ಸ್ಟೀಲ್ ಟೇಪಾ? ಅದರ ತುದಿಯ ಕೊಕ್ಕೆ ಲಟಪಟ ಅಲ್ಲಾಡ್ತದೆ. ನನ್ನದು ಹಾಗೇ ಹಾಳಾಗಿದೆ.

ಮೂವತ್ತಾರರ ಲೆಕ್ಕ
ಹಾಳಾದದ್ದಲ್ಲ, ಅದನ್ನು ಮಾಡಿದ್ದೇ ಹಾಗೆ. ಕೊಕ್ಕೆಯ ದಪ್ಪ ಎಷ್ಟೋ ಅಷ್ಟು ಅಲ್ಲಾಡ್ತದೆ. ಹೊರಗೆ ಸಿಕ್ಕಿಸಿ ಎಳೆದು ಅಳೆದರೂ, ಒಳಗೆ ಒತ್ತಿ ಅಳೆದರೂ ಒಂದೇ ಲೆಕ್ಕ ಬರಲಿ ಅಂತ. ಬಡಗಿಗಳಿಗೆ ಕೇಳಿ ನೋಡಿ. ನಾವು ಕೊಕ್ಕೆಯನ್ನು ಎಳೆಯುವುದೂ ಇಲ್ಲ, ಒತ್ತುವುದೂ ಇಲ್ಲ, ಬೇಸಿನ (ಮಾಡೆಲ್ ನಿಲ್ಲುವ ಅಡಿಯ ದುಂಡು ಬಿಲ್ಲೆ) ಮೇಲೆ ಗಾಳಿಯಲ್ಲಿ ಹಿಡಿದು ಓದ್ತೇವೆ. ಆಗ ಒಂದು ಮಿ.ಮೀ. ಆಚೀಚೆ ಆಗ್ತದೆ.

ಅರೆಬರೆ ಪೇಂಟರ್
ಸಾವು ಮಾರಾಯ. ಇದೇ ಕಾರಣಕ್ಕೆ ಎರಡು ಟೇಪ್ ಎಸೆದೆ.

ಕದ್ರಿ ಮಹಡಿ
ತಡೆಯಿರಿ, ನಿನ್ನೆಯ ಒಂದು ಫೋಟೋ ಸಿಕ್ಕಿತು. ಯಾರೋ ಓರ್ಕ್ ಬಣ್ಣ ಚಂದ ಉಂಟು ಅಂತ ತೆಗೆದದ್ದು, ಮಾಡೆಲ್ ಬೀಳುವ ಸ್ವಲ್ಪ ಮೊದಲು. ಹಿಂದೆ ಹುಡುಗನ ಮರೀನ್‌ಗಳು ಕಾಣ್ತವೆ. ಕೆಳಗೆ ಹಾಕಿದ್ದೇನೆ.

ಬೋಳೂರು ಬ್ಯಾಟರಿ
ಪಾಳು ಕಟ್ಟಡದ ಮುಂದಿನ ಗೋಡೆಗೆ ತಾಗಿಯೇ ಉಂಟು. ಮಾಸ್ಟ್ರು ಹೇಳಿದ್ದು ಸರಿ.

ಅರೆಬರೆ ಪೇಂಟರ್
ಎಲ್ಲಿ ತಾಗಿದೆ? ನಡುವೆ ಬೆಳಕು ಕಾಣ್ತದಲ್ಲ. ಕನ್ನಡಕ ಹಾಕಿ ನೋಡು.

ಬೋಳೂರು ಬ್ಯಾಟರಿ
ಅದು ಬೆಳಕಲ್ಲ, ನೀನು ಬಳಿದ ಬಿಳಿ ಬಣ್ಣ.

ಮೂವತ್ತಾರರ ಲೆಕ್ಕ
ಇಬ್ಬರೂ ನಿಲ್ಲಿಸಿ. ಫೋಟೋ ತೆಗೆದದ್ದು ಓರ್ಕ್ ಬದಿಯಿಂದ, ಮೇಜಿನ ಮಟ್ಟದಲ್ಲಿ. ಮರೀನ್ ಬೇಸ್ 32 ಮಿ.ಮೀ. ಅಗಲ, ಅದು ಗೋಡೆಯ ಮುಂದೆ ಇದ್ದರೂ ಪಕ್ಕ ಇದ್ದರೂ ಆ ಕೋನದಿಂದ ತಾಗಿದ ಹಾಗೆಯೇ ಕಾಣ್ತದೆ. ಮೇಜಿನ ಈಚೆ ಬದಿಯವ ಒಂದು ನೋಡ್ತಾನೆ, ಆಚೆ ಬದಿಯವ ಇನ್ನೊಂದು ನೋಡ್ತಾನೆ. 2000 ಪಾಯಿಂಟಿನ ಆಟಕ್ಕೆ ಮೇಜು 60 ಇಂಚು ಉದ್ದ, 44 ಇಂಚು ಅಗಲ. 44 ಇಂಚು ಅಂದರೆ ಹತ್ತಿರ ಹತ್ತಿರ 112 ಸೆಂ.ಮೀ. ಆಚೆ ತುದಿಗೆ ಕೈ ಹಾಕಿದರೆ ಎದೆಯೇ ಮೇಜಿನ ಮೇಲೆ ಬರ್ತದೆ. ಅಷ್ಟು ದೂರದಿಂದ ಹತ್ತು ಮಿ.ಮೀ. ವ್ಯತ್ಯಾಸ ಇಬ್ಬರಿಗೂ ಬೇರೆ ಬೇರೆ ಕಂಡರೆ ಯಾರೂ ಸುಳ್ಳರಾಗಬೇಕಿಲ್ಲ.

ಫೋಟೋ ಸಾಕ್ಷಿ ಬೇಕಿದ್ದರೆ ಮೇಲಿನಿಂದ ತೆಗೆಯಬೇಕು. ಕುರ್ಚಿ ಹತ್ತಿ.

ಕೊಡಿಯಾಲಬೈಲ್ ಕ್ಯಾಡಿ
ಗಾಲ್ಫಿನ ಮಾತು ಒಂದು ಸೇರಿಸ್ತೇನೆ, ಪಿಲಿಕುಳದಲ್ಲಿ ಭಾವನ ಹಿಂದೆ ನಡೆದು ನಡೆದು ಕಲಿತದ್ದು. 2016ರ ಯು.ಎಸ್. ಓಪನ್‌ನಲ್ಲಿ ಡಸ್ಟಿನ್ ಜಾನ್ಸನ್‌ನ ಚೆಂಡು ಗ್ರೀನ್ (ಗುಳಿಯ ಸುತ್ತಲಿನ ನುಣ್ಣನೆ ಹುಲ್ಲು) ಮೇಲೆ ಚೂರು ಅಲ್ಲಾಡಿತು. ತಾನು ಮುಟ್ಟಲಿಲ್ಲ ಅಂದ. ಜೊತೆಗಿದ್ದ ಅಧಿಕಾರಿ ಸರಿ, ಆಡು ಅಂದ. ಆಮೇಲೆ ಹನ್ನೆರಡನೇ ಹೋಲಿನಲ್ಲಿ ಬಂದು, ನೋಡ್ತೇವೆ, ದಂಡ ಬೀಳಬಹುದು ಅಂದರು. ಮುಗಿದ ಮೇಲೆ ಒಂದು ಸ್ಟ್ರೋಕ್ ದಂಡ ಹಾಕಿದರು. ಅವ ಹೇಗೂ ಗೆದ್ದ, ಆದರೆ ದೊಡ್ಡ ಗಲಾಟೆ ಆಯಿತು. ಈಗ ನಿಯಮವೇ ಬೇರೆ: ಗ್ರೀನ್ ಮೇಲೆ ಚೆಂಡು ಅಕಸ್ಮಾತ್ ಅಲ್ಲಾಡಿದರೆ ದಂಡ ಇಲ್ಲ, ಇದ್ದಲ್ಲಿಗೆ ವಾಪಸ್ ಇಡು. ಇದ್ದ ಜಾಗ ಸರಿಯಾಗಿ ಗೊತ್ತಿಲ್ಲದಿದ್ದರೆ ಅಂದಾಜು ಮಾಡು. ಪ್ರಾಮಾಣಿಕವಾಗಿ, ಮಾಡಬೇಕಾದ್ದೆಲ್ಲ ಮಾಡಿ ಅಂದಾಜು ಮಾಡಿದ್ದರೆ, ಆಮೇಲೆ ವಿಡಿಯೋದಲ್ಲಿ ಬೇರೆ ಕಂಡರೂ ಆ ಅಂದಾಜೇ ನಿಲ್ಲುತ್ತದೆ.

ಅಂದರೆ ಆ ಹುಡುಗ ಇಟ್ಟದ್ದೇ ಜಾಗ. ಫೋಟೋ ಹುಡುಕುವ ಕೆಲಸವೇ ಇಲ್ಲ.

ಬೋಳೂರು ಬ್ಯಾಟರಿ
ಗಾಲ್ಫಿನಲ್ಲಿ ಚೆಂಡು ಅವನದ್ದೇ, ಅಲ್ಲಾಡಿಸಿದ್ದೂ ಅವನೇ. ಎದುರಿನವನ ಅಂಗಿಯ ತೋಳು ಇಲ್ಲ.

ಕೊಡಿಯಾಲಬೈಲ್ ಕ್ಯಾಡಿ
ಎದುರಿನವ ತಪ್ಪಿ ಒದ್ದರೂ ವಾಪಸ್ ಇಡುವುದೇ. ಓದಿ ನೋಡಿ.

ಪಡುಬಿದ್ರೆ ಪಡ್ಡೆ
ಕ್ರೀಡಾ ಮನೋಭಾವ ಅಂದರೆ ನಮ್ಮ ವಿಶ್ವನಾಥ್. 1980, ವಾಂಖೆಡೆ. ಅಂಪೈರ್ ಔಟ್ ಕೊಟ್ಟ ಬಾಬ್ ಟೇಲರ್‌ನನ್ನು ಕ್ಯಾಪ್ಟನ್ ಆಗಿದ್ದ ವಿಶಿ ವಾಪಸ್ ಕರೆದರು. ಮಾಸ್ಟ್ರು ಕೂಡ ಹಾಗೆ "ಬಿಡು ಮಾರಾಯ, ನಿನ್ನ ಜಾಗವೇ ಇರಲಿ" ಅಂದಿದ್ದರೆ ಮುಗೀತಿತ್ತು.

ಬೋಳೂರು ಬ್ಯಾಟರಿ
ಮುಂದಿನ ಕಥೆಯನ್ನೂ ಹೇಳು. ವಾಪಸ್ ಬಂದ ಟೇಲರ್ ಬೋಥಮ್ ಜೊತೆ ಸೇರಿ 171 ರನ್ ಹೊಡೆದ. ಭಾರತ ಹತ್ತು ವಿಕೆಟಿನಿಂದ ಸೋತಿತು.

ಪಡುಬಿದ್ರೆ ಪಡ್ಡೆ
ಸೋತರೂ ನಲ್ವತ್ತು ವರ್ಷ ದಾಟಿದ ಮೇಲೆ ನಾವು ಅದನ್ನೇ ಮಾತಾಡ್ತಾ ಇದ್ದೇವೆ. ಗೆದ್ದ ಇಂಗ್ಲೆಂಡ್ ಕ್ಯಾಪ್ಟನ್ ಯಾರು ಅಂತ ಹೇಳು ನೋಡುವ, ಗೂಗಲ್ ಮಾಡದೆ.

ಬೋಳೂರು ಬ್ಯಾಟರಿ
ಬ್ರೇರ್ಲಿ.

ಪಡುಬಿದ್ರೆ ಪಡ್ಡೆ
ಗೂಗಲ್ ಮಾಡಿದೆ.

ಆಟಿ ಅಜ್ಜಿಯ ಮೊಮ್ಮಗಳು
ಆಟಿ ತಿಂಗಳು ನಡೀತಾ ಉಂಟು, ಚೆನ್ನೆಮಣೆ ನೆನಪಾಗದೆ ಇರ್ತದಾ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಳು. ನಮ್ಮ ಅಜ್ಜಿ ಕಾಳು ಹಂಚುವಾಗ ಒಂದು ಗುಳಿಗೆ ತಪ್ಪಿ ಎರಡು ಬಿದ್ದರೆ ಅಲ್ಲೇ ಕೈ ಹಿಡಿದು ನಿಲ್ಲಿಸುತ್ತಿದ್ದರು. ಪೂರ್ತಿ ಹಂಚಿ ಮುಗಿದ ಮೇಲೆ ಹೇಳಿದರೆ "ಈಗ ಎಂತ, ಆಗ ನಿದ್ದೆ ಮಾಡ್ತಿದ್ದಿಯಾ" ಅನ್ನುವುದು.

ಮತ್ತೆ ಅಕ್ಕ ತಂಗಿ ಎದುರು ಬದುರು ಕೂತು ಚೆನ್ನೆ ಆಡಲು ಬಿಡುತ್ತಿರಲಿಲ್ಲ. ತುಳುವಿನ ಹಾಡುಗಥೆ ಸಿರಿ ಪಾಡ್ದನದ ಅಬ್ಬಗ ದಾರಗ ಕಥೆ ಗೊತ್ತಲ್ಲ. ಅವಳಿ ಅಕ್ಕ ತಂಗಿ, ಚೆನ್ನೆ ಆಡ್ತಾ ಜಗಳ ಹತ್ತಿ ಒಬ್ಬಳು ಮಣೆಯಿಂದಲೇ ಇನ್ನೊಬ್ಬಳ ತಲೆಗೆ ಹೊಡೆದಳು. ಅವಳು ಸತ್ತಳು, ಇವಳು ಬಾವಿಗೆ ಹಾರಿದಳು. ನಿಮ್ಮ ಹುಡುಗ ವಾಟ್ಸಾಪ್ ಗುಂಪು ಮಾತ್ರ ಬಿಟ್ಟದ್ದು, ಪುಣ್ಯ.

ಹಂಗಾರಕಟ್ಟೆ
😂 ಕದ್ರಿ ಮಹಡಿಯವ್ರೇ, ಮೇಜು ಗಟ್ಟಿ ಹಿಡ್ಕಣಿ.

ಅರೆಬರೆ ಪೇಂಟರ್
ಎಲ್ಲರೂ ನ್ಯಾಯ ಹೇಳ್ತೀರಿ, ಮಾಡೆಲ್ ಬೀಳದ ಹಾಗೆ ಮಾಡುವ ಬಗ್ಗೆ ಯಾರೂ ಹೇಳುವುದಿಲ್ಲ. ಪ್ಲಾಸ್ಟಿಕ್ ಮಾಡೆಲ್ ಹತ್ತಿಯಷ್ಟು ಹಗುರ, ತೋಳು ಯಾಕೆ, ಫ್ಯಾನ್ ಜೋರಾದರೂ ಬೀಳ್ತದೆ. ಬೇಸಿನ ಅಡಿಗೆ ವಾಷರ್ ಅಂಟಿಸಿ, ಇಲ್ಲ ನಾಣ್ಯ ಅಂಟಿಸಿ. 2011ರಲ್ಲಿ ಬಂದ ಮಾದರಿಯ ಎರಡು ರೂಪಾಯಿ ನಾಣ್ಯ 25 ಮಿ.ಮೀ. ಅಗಲ, ಸಣ್ಣ ಮಾಡೆಲ್‌ಗಳಿಗೆ ಅದನ್ನೇ ಬೇಸ್ ಮಾಡಿಕೊಂಡವರೂ ಇದ್ದಾರೆ. ತೂಕ ಬಂದರೆ ತಟ್ಟಿದರೂ ಬೀಳುವುದಿಲ್ಲ.

ಮೂವತ್ತಾರರ ಲೆಕ್ಕ
ಬೀಳುವುದಿಲ್ಲ, ಜಾರ್ತದೆ. ಅದು ಇನ್ನೂ ಕಷ್ಟ. ಬಿದ್ದದ್ದು ಎಲ್ಲರಿಗೂ ಕಾಣ್ತದೆ, ಜಾರಿದ್ದು ಯಾರಿಗೂ ಕಾಣುವುದಿಲ್ಲ.

ಅರೆಬರೆ ಪೇಂಟರ್
ಅಡಿಗೆ ರಬ್ಬರ್ ಹಾಳೆ ಹಾಕು.

ಪಡುಬಿದ್ರೆ ಪಡ್ಡೆ
ಪೇಂಟರಣ್ಣ, ನೀವು ಸಿಕ್ಕಿದ್ದು ಒಳ್ಳೆಯದಾಯಿತು. ಈ ಮಳೆಯಲ್ಲಿ ಸ್ಪ್ರೇ ಪ್ರೈಮರ್ (ಬಣ್ಣಕ್ಕೆ ಮೊದಲಿನ ತಳಬಣ್ಣ) ಹೊಡೆದರೆ ಮಾಡೆಲ್ ಮೇಲೆ ಬಿಳಿ ಹುಡಿ ಹಿಡಿದ ಹಾಗೆ ಆಗ್ತದೆ. ಎಂತ ಮಾಡುವುದು?

ಅರೆಬರೆ ಪೇಂಟರ್
ಮಂಗಳೂರಿನ ಮಳೆಗಾಲದಲ್ಲಿ ಸ್ಪ್ರೇ ಬೇಡ. ಗಾಳಿಯ ತೇವ ಬಣ್ಣದ ಒಳಗೆ ಸೇರ್ತದೆ. ಬ್ರಷ್ಷಿನಲ್ಲಿ ಹಚ್ಚುವ ಪ್ರೈಮರ್ ತಗೊಳ್ಳಿ, ತೆಳು ಎರಡು ಕೋಟ್. ಇಲ್ಲ ದಸರಾದವರೆಗೆ ಬಣ್ಣ ಇಲ್ಲದ ಬೂದು ಸೈನ್ಯದಲ್ಲೇ ಆಡಿ.

ಕದ್ರಿ ಮಹಡಿ
ಪ್ರೈಮರ್ ಥ್ರೆಡ್ ಬೇರೆ ಉಂಟು ಮಾರಾಯ್ರೆ.

ಓರ್ಕ್ ಮಾಸ್ಟ್ರು
ಯಾರೋ ಲಿಂಕ್ ಕಳಿಸಿದರು. ಆ ತುಂಬು ತೋಳಿನವ ನಾನೇ.

ಎಲ್ಲ ಓದಿದೆ. ಕಾಸ್ಪರೋವ್ ಜೊತೆ ಕೂರಿಸಿದ್ದಕ್ಕೆ ಉಪಕಾರ. ನನ್ನ ಮಾತು ಇಷ್ಟೇ. ಮುಂದಿನ ಮರೀನ್‌ನ ಬೇಸ್ ಮುರಿದ ಗೋಡೆಯ ತುದಿಗೆ ತಾಗಿಕೊಂಡಿತ್ತು. ಹಿಂದಿನ ಸರದಿಯಲ್ಲಿ ನಾನು ಆ ಗೋಡೆಯ ಮರೆಯನ್ನೇ ನೋಡುತ್ತಾ ಗುಂಡು ಹೊಡೆಯುವುದಾ ಬೇಡವಾ ಅಂತ ಲೆಕ್ಕ ಹಾಕಿದವ, ಹಾಗಾಗಿ ನೆನಪುಂಟು. ಎತ್ತಿ ಇಡುವಾಗ ನಾನು ನೋಡಲಿಲ್ಲ, ಡೈಸ್ ಹುಡುಕ್ತಾ ಇದ್ದೆ. ನೋಡದ್ದನ್ನು ಆಗಲೇ ಹೇಗೆ ಹೇಳುವುದು? ಅಳೆಯಲು ಬಗ್ಗಿದಾಗ ನಡುವೆ ಜಾಗ ಕಂಡಿತು, ಆಗ ಹೇಳಿದೆ. ಡೈಸ್ ಹಾಕುವ ಅಂತ ನಾನು ಕೇಳಲಿಲ್ಲ.

ವಯಸ್ಸಿನ ಮಾತು ಬಂತು. ನಾನು ಈ ಆಟ ಶುರು ಮಾಡಿದಾಗ ಮೊದಲೇ ಅಳೆಯುವ ಹಾಗೆಯೇ ಇರಲಿಲ್ಲ. ಕಣ್ಣಂದಾಜಿನಲ್ಲಿ ಚಾರ್ಜ್ ಹೇಳಬೇಕು, ಆಮೇಲೆ ಟೇಪ್. ಅದು ಸಡಿಲ ಆದದ್ದು 2012ರ ಆರನೇ ಆವೃತ್ತಿಯಲ್ಲಿ. ಕಣ್ಣಂದಾಜು ನಮ್ಮ ಕಾಲದವರಿಗೆ ಸ್ವಲ್ಪ ಗಟ್ಟಿ.

ಮಣಿಪಾಲದ ಮಿನಿ
ಬಂದದ್ದು ಒಳ್ಳೆಯದಾಯಿತು ಸಾರ್. ಗೋಡೆಗೆ ತಾಗಿತ್ತು ಅಂತ ಅಷ್ಟು ಖಾತ್ರಿ ಇದ್ದರೆ ಆಗಲೂ ಅದನ್ನೇ ಹೇಳಬೇಕಿತ್ತು. "ಎಂಟರ ಒಳಗೆ ಇತ್ತು" ಅಂದರೆ ನಿಮಗೆ ಬೇಕಾದ ಸಂಖ್ಯೆ ಹೇಳಿದ ಹಾಗೆ ಕೇಳ್ತದೆ. "ಬೇಸ್ ಗೋಡೆಗೆ ತಾಗಿತ್ತಲ್ಲ" ಅಂದಿದ್ದರೆ ಹುಡುಗನಿಗೂ ನೆನಪಾಗುತ್ತಿತ್ತೋ ಏನೋ.

ನಾವು ಮಣಿಪಾಲದಲ್ಲಿ ಈಗ ಉದ್ದೇಶ ಹೇಳಿಯೇ ಆಡುವುದು. ಮಾಡೆಲ್ ಇಟ್ಟು ಕೈ ತೆಗೆಯುವಾಗ ಬಾಯಿಬಿಟ್ಟು ಹೇಳಬೇಕು: "ಈ ಐದು ಜನ ಗೋಡೆಯ ಹಿಂದೆ, ನಿನ್ನ ಓರ್ಕ್‌ಗಳಿಂದ ಎಂಟಕ್ಕಿಂತ ಜಾಸ್ತಿ ದೂರ, ಒಪ್ಪಿಗೆಯಾ?" ಎದುರಿನವ ಅಲ್ಲೇ ಅಳೆದು ಹೂಂ ಅನ್ನಬೇಕು. ಆಮೇಲೆ ಬೆಕ್ಕು ಹಾರಲಿ, ಕರೆಂಟ್ ಹೋಗಲಿ, ಮೇಜೇ ಮಗುಚಲಿ. ಎಂಟಕ್ಕಿಂತ ಜಾಸ್ತಿ ಅಂತ ಒಪ್ಪಿದ್ದೇವೆ, ಎಂಟಕ್ಕಿಂತ ಜಾಸ್ತಿಯೇ ಇಡ್ತೇವೆ. ಇಳಿಜಾರಿನಲ್ಲಿ ನಿಲ್ಲದ ಮಾಡೆಲಿಗೆ ಹಳೆ ಪುಸ್ತಕದಲ್ಲೂ ಇದನ್ನೇ ಹೇಳಿತ್ತು ಸಾರ್, ನಿಮಗೆ ಗೊತ್ತಿರ್ತದೆ: ಬೀಳುವ ಜಾಗದಿಂದ ತೆಗೆದು ಬದಿಗೆ ಇಡಿ, ನಿಜವಾಗಿ ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿದ್ದರೆ ಸಾಕು.

ಓರ್ಕ್ ಮಾಸ್ಟ್ರು
ಗೊತ್ತುಂಟು. ಆದರೆ ಪ್ರತಿ ಮಾಡೆಲಿಗೆ ಒಪ್ಪಿಗೆ ಕೇಳಿದರೆ ಆಟ ಮುಗಿಯುವಾಗ ಸೋಮವಾರ. ನನ್ನದು ಓರ್ಕ್ ಸೈನ್ಯ, ಮೇಜಿನ ಮೇಲೆ ನೂರರ ಹತ್ತಿರ ತಲೆ.

ಮಣಿಪಾಲದ ಮಿನಿ
ಎಲ್ಲದಕ್ಕೂ ಬೇಡ ಸಾರ್. ದೂರ ಮುಖ್ಯ ಆಗುವಲ್ಲಿ ಮಾತ್ರ. ಅದು ಎಲ್ಲಿ ಅಂತ ಆಡುವವರಿಗೆ ಗೊತ್ತೇ ಇರ್ತದೆ.

ಸುರತ್ಕಲ್ 32ಮಿಮೀ
ಹುಡುಗ ನಾನು.

ಸಾರ್, ಗೋಡೆಯ ವಿಷಯ. ಮಾಡೆಲ್ ಗೋಡೆಗೆ ತಾಗಿದ್ದು ಹೌದು, ಆದರೆ ಹಿಂದಿನ ಗೋಡೆಗೆ, ಎರಡು ತುಂಡಿನ ಪಾಳು ಕಟ್ಟಡ ಅದು. ಇದನ್ನು ಇನ್ನು ಎಷ್ಟು ಮಾತಾಡಿದರೂ ಮುಗಿಯುವುದಿಲ್ಲ, ಬಿಡುವ. ಡೈಸ್‌ಗೆ ನಾನೂ ಹೂಂ ಅಂದಿದ್ದೆ, ಆ ಏಳು ಬಿದ್ದದ್ದಕ್ಕೆ ಬೇಸರ ಇಲ್ಲ.

ಗುಂಪು ಬಿಟ್ಟದ್ದು ಅದಕ್ಕಲ್ಲ. ಮೆಟ್ಟಿಲು ಇಳಿಯುವಾಗ "ಈಗಿನ ಮಕ್ಕಳು ಒಂದು ಮಿ.ಮೀ. ಬಿಡುವುದಿಲ್ಲ, ಇಂಚು ಕದಿಯಲು ಬೇಗ ಕಲೀತಾರೆ" ಅಂತ ಮೇಲಿನಿಂದ ಕೇಳಿಸಿತು, ಎಲ್ಲರೂ ನಗಾಡಿದ್ದೂ ಕೇಳಿಸಿತು.

ಓರ್ಕ್ ಮಾಸ್ಟ್ರು
ಅದು ನಾನು ಹೇಳಿದ್ದಲ್ಲ ಮಗಾ. ಹೇಳಿದವರು ಈ ಥ್ರೆಡ್ಡಿನಲ್ಲೇ ಇದ್ದಾರೆ. ಮೇಲಿನಿಂದ ನನ್ನ ಪರ ವಾದ ಮಾಡ್ತಾ ಬಂದಿದ್ದಾರೆ, ನಾನು ಕೇಳದೆಯೇ.

ಅರೆಬರೆ ಪೇಂಟರ್
ಬ್ಯಾಟರಿ?

ಹಂಗಾರಕಟ್ಟೆ
ಬ್ಯಾಟರಿ ಡೌನ್ ಆಯ್ತ್ ಕಾಂತ್.

ಬೋಳೂರು ಬ್ಯಾಟರಿ
ಕುಶಾಲಿಗೆ ಹೇಳಿದ್ದು ಮಾರ್ರೆ. ಕುಶಾಲು ಗೊತ್ತಾಗುವುದಿಲ್ಲವಾ ಯಾರಿಗೂ?

ಆಟಿ ಅಜ್ಜಿಯ ಮೊಮ್ಮಗಳು
ಕಳ್ಳ ಅಂದದ್ದು ಯಾವ ಊರಿನ ಕುಶಾಲು? ಅವನಿಗೆ ಫೋನ್ ಮಾಡಿ ಮಾತಾಡು. ಇಲ್ಲಿ ಬರೆಯುವುದಲ್ಲ.

ಬೋಳೂರು ಬ್ಯಾಟರಿ
ಮಾಡ್ತೇನೆ. ನಂಬರ್ ಉಂಟು.

ಕದ್ರಿ ಮಹಡಿ
ಸರಿ, ಈ ಭಾನುವಾರದಿಂದ ನಮ್ಮ ಮಹಡಿಗೆ ಹೀಗೆ ಮಾಡುವ ಅಂತ. ಬಿದ್ದರೆ ಅಥವಾ ಸರಿದರೆ ಆಟ ಅಲ್ಲೇ ನಿಲ್ಲಬೇಕು, ಡೈಸ್ ಹುಡುಕುವುದೂ ಆಮೇಲೆ. ಬೀಳಿಸಿದವ ಮುಟ್ಟಬಾರದು, ಆದರೆ ನೋಡಲೇಬೇಕು. ಎದುರಿನವ ಇಟ್ಟು "ಒಪ್ಪಿಗೆಯಾ" ಅಂತ ಕೇಳಬೇಕು. ತಕರಾರು ಇದ್ದರೆ ಆಗಲೇ ಹೇಳಬೇಕು, ಇಂಚಿನ ಲೆಕ್ಕದಲ್ಲಲ್ಲ, ಯಾವ ಗೋಡೆ, ಯಾವ ಮೂಲೆ ಅಂತ. ಮುಂದಿನ ಡೈಸ್ ಕೈಗೆ ತೆಗೆದ ಮೇಲೆ ತಕರಾರು ಇಲ್ಲ. ಆಗಲೂ ಹೊಂದಿಕೆ ಆಗದಿದ್ದರೆ ಬೀಳಿಸದವನ ಮಾತು. ತನ್ನ ಮಾಡೆಲ್ ತಾನೇ ಬೀಳಿಸಿಕೊಂಡರೂ ಅದೇ: ಎದುರಿನವ ಇಡಲಿ.

ಮೂವತ್ತಾರರ ಲೆಕ್ಕ
ಬೀಳಿಸದವನ ಮಾತು ಅಂದರೆ ಅವನಿಗೂ ಬೇಕಾದಷ್ಟು ಸರಿಸುವ ಅವಕಾಶ ಆಯಿತಲ್ಲ. ಪ್ರತಿ ಸಲ ಒಂದು ಚೂರು.

ಕದ್ರಿ ಮಹಡಿ
ಹೌದು. ಅದಕ್ಕೆ ಎದುರಿನವರು ಕೈ ಹಾಕುವಾಗ ಜಾಗ್ರತೆ ಮಾಡಲಿ.

ಅರೆಬರೆ ಪೇಂಟರ್
ಫ್ಯಾನಿನ ಗಾಳಿಗೆ ಬಿದ್ದರೆ ಬೀಳಿಸಿದವ ಯಾರು?

ಕೊಡಿಯಾಲಬೈಲ್ ಕ್ಯಾಡಿ
ಗಾಲ್ಫಿನಲ್ಲಿ ಗಾಳಿಗೆ ಸರಿದರೆ ಸರಿದ ಜಾಗದಿಂದಲೇ ಆಡಬೇಕು. ಗ್ರೀನ್ ಮೇಲೆ ಒಮ್ಮೆ ಎತ್ತಿ ಇಟ್ಟ ಚೆಂಡು ಆದರೆ ಮಾತ್ರ ವಾಪಸ್.

ಅರೆಬರೆ ಪೇಂಟರ್
ಹಾಗಾದರೆ ನನ್ನ ಓಡದ ಟ್ಯಾಂಕನ್ನು ಫ್ಯಾನಿನ ಅಡಿಗೆ ಇಡ್ತೇನೆ.

ಓರ್ಕ್ ಮಾಸ್ಟ್ರು
"ನೋಡಲೇಬೇಕು" ಅನ್ನುವುದು ಸರಿ. ಉಳಿದದ್ದು ಆಡಿ ನೋಡುವ. ಮುಂದಿನ ತಕರಾರು ಹೊಸ ನಿಯಮದ ಮೇಲೆಯೇ ಬರ್ತದೆ, ಬರೆದಿಟ್ಟುಕೊಳ್ಳಿ. ಸುರತ್ಕಲ್, ಬರ್ತೀಯಾ? ಅದೇ ಸೈನ್ಯ ತಾ.

ಸುರತ್ಕಲ್ 32ಮಿಮೀ
ಈ ಭಾನುವಾರ ಇಂಟರ್ನಲ್ಸ್ ಓದುವುದುಂಟು ಸಾರ್. ಅದರ ನಂತರದ ವಾರ ಬರ್ತೇನೆ. ಸೈನ್ಯ ಬೇರೆ ತರ್ತೇನೆ.

ತೆಂಕಪೇಟೆ ತಟಸ್ಥ
ನಾಚಿಕೆ ಬಿಟ್ಟು ಕೇಳ್ತೇನೆ. ಮಗ ಹತ್ತನೇ ಕ್ಲಾಸು, ಮನೆಯಲ್ಲಿ ಒಬ್ಬನೇ ಎರಡೂ ಕಡೆ ಆಡಿಕೊಳ್ತಾನೆ. ಉಡುಪಿಯಿಂದ ಕರೆದುಕೊಂಡು ಬಂದರೆ ಸೇರಿಸಿಕೊಳ್ತೀರಾ?

ಕದ್ರಿ ಮಹಡಿ
ಖಂಡಿತ ಬನ್ನಿ, ಎರಡು ಗಂಟೆಗೆ. ಸೈನ್ಯ ಇಲ್ಲದಿದ್ದರೆ ನನ್ನದು ಕೊಡ್ತೇನೆ.

ತೆಂಕಪೇಟೆ ತಟಸ್ಥ
ಸೈನ್ಯ ಉಂಟು, ಬಣ್ಣ ಇಲ್ಲ. ಎಲ್ಲ ಬೂದು.

ಅರೆಬರೆ ಪೇಂಟರ್
ನನ್ನ ಪಕ್ಕ ಕೂರಿಸಿ. ಸ್ಪ್ರೇ ಮಾತ್ರ ತರಬೇಡಿ.